ಒಂದು ರಾತ್ರಿಯ ರಸೀದಿ

ವರ್ಲಿನ್ ಲುಂಡೀನ್ ಮೂವತ್ತೊಂಬತ್ತು ವರ್ಷ ಅಂಚೆಯವನಾಗಿ ಊರವರ ಮನೆಬಾಗಿಲಿಗೆ ಕಾಗದ ಹಂಚಿದವನು. ನಿವೃತ್ತನಾದ ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಅವನು ತನಗೆ ಮನೆಬಾಗಿಲೇ ಬೇಡ ಎಂದು ತೀರ್ಮಾನಿಸಿಬಿಟ್ಟ. ಮಾರ್ಚ್ ಕೊನೆಯಲ್ಲಿ, ಅಂಗಳದ ಹಿಮ ಪೂರ್ತಿ ಕರಗುವ ಮೊದಲೇ, ಇಪ್ಪತ್ತೇಳು ಅಡಿ ಉದ್ದದ ಗಾಡಿಮನೆಯೊಂದನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಒಳಗೆ ಮಂಚ, ಒಲೆ, ಫ್ರಿಜ್ಜು, ಮೊಣಕೈ ತಾಗುವಷ್ಟು ಇಕ್ಕಟ್ಟಿನ ಬಚ್ಚಲು. ಜೂನ್ ತಿಂಗಳಿಂದ ತಾನೂ ಹೆಂಡತಿ ಆರ್ಲಿಸಳೂ ವರ್ಷಪೂರ್ತಿ ಅದರಲ್ಲೇ ಇರುವುದೆಂದು ಸಾರಿದ. ಚಳಿಗಾಲಕ್ಕೆ ಬೆಚ್ಚಗಿನ ಅರಿಝೋನಾ, ಬೇಸಿಗೆಗೆ ಮನಸ್ಸು ಬಂದ ಕಡೆ.

"ನನ್ನನ್ನ ಮಾತ್ರ ಆ ಡಬ್ಬಿಯೊಳಗೆ ತುಂಬೋಕೆ ಬರಬೇಡಿ. ಉಪ್ಪು ಹಾಕಿದ ಮೀನು ಅಂದ್ಕೊಂಡ್ರಾ ನನ್ನ?" ಎಂದಳು ವರ್ಲಿನನ ತಾಯಿ ಬೋರ್ಗಿಲ್ಡ್. ಅವಳಿಗೆ ಎಂಬತ್ತೇಳು. ಕೆಳಗಿನ ಕೋಣೆ ಅವಳದು. ಬೆಳಿಗ್ಗೆ ಐದಕ್ಕೆ ಕಾಫಿ ಕಾಯಿಸುವ ಹಕ್ಕೂ ಅವಳದೇ.

"ನಿನ್ನನ್ನ ಯಾರು ಕರೆದ್ರಮ್ಮ? ನೀನು ಮಾರಿಟ್ ಜೊತೆ ಇಲ್ಲೇ ಇರ್ತೀಯ. ಮನೆ ಮಾರಿಟ್ ಹೆಸರಿಗೆ ಮಾಡ್ತೀವಿ," ಎಂದ ವರ್ಲಿನ್.

ಮಾರಿಟ್ ಅವರ ಒಬ್ಬಳೇ ಮಗಳು. ಮೂವತ್ತೈದರ ಅವಳು ಕಳೆದ ಅಕ್ಟೋಬರಿನಲ್ಲಿ ಗಂಡ ಕರ್ಟಿಸನನ್ನು ಬಿಟ್ಟು, ಎರಡು ಪೆಟ್ಟಿಗೆ ಹಿಡಿದು ತವರಿಗೆ ಬಂದಿದ್ದಳು. ತಮ್ಮದೇ ಊರಾದ ಎಲ್ಸ್‌ಬರ್ಗಿನ ದನದ ಡಾಕ್ಟರ ಆಸ್ಪತ್ರೆಯಲ್ಲಿ ಮುಂದಿನ ಮೇಜು ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಕಂಪ್ಯೂಟರು ಬಲ್ಲವಳು ಅವಳೊಬ್ಬಳೇ ಆದ್ದರಿಂದ ಕಾಗದಪತ್ರದ ಹೊಣೆ ತಾನಾಗಿ ಅವಳ ಮೇಲೆ ಬಿತ್ತು.

ಕಾಗದಪತ್ರ ಕಡಿಮೆ ಏನೂ ಇರಲಿಲ್ಲ. ಮನೆ ಬಿಟ್ಟರೂ ರಾಜ್ಯ ಬಿಡುವುದಿಲ್ಲ. ಗಾಡಿಯಲ್ಲಿ ತಿರುಗುವವನಿಗೂ ಲೈಸೆನ್ಸು, ಗಾಡಿಯ ನಂಬರು, ಓಟು, ತೆರಿಗೆ, ಇವಕ್ಕೆಲ್ಲ ಒಂದು ರಾಜ್ಯ ಬೇಕೇ ಬೇಕು. ತಾವಿದ್ದ ಮಿನ್ನೆಸೋಟ ರಾಜ್ಯದಲ್ಲಿ ಮನೆಯೇ ಇಲ್ಲದ ಮೇಲೆ ಅಲ್ಲಿಗೇಕೆ ಆದಾಯ ತೆರಿಗೆ ಕಟ್ಟಬೇಕೆಂಬುದು ವರ್ಲಿನನ ಲೆಕ್ಕ. ಪಕ್ಕದ ಸೌತ್ ಡಕೋಟದಲ್ಲಿ ಆ ತೆರಿಗೆ ಇಲ್ಲ. ಅಲೆಮಾರಿಗಳನ್ನು ಆ ರಾಜ್ಯ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ಒಂದು ಅಂಚೆ ಪೆಟ್ಟಿಗೆ ಬಾಡಿಗೆಗೆ ಹಿಡಿಯಬೇಕು, ಒಂದು ರಾತ್ರಿ ತಂಗಬೇಕು, ತಂಗಿದ ರಸೀದಿ ತೋರಿಸಬೇಕು.

"ಒಂದು ರಾತ್ರಿ? ಅಷ್ಟೇನಾ?" ಬೋರ್ಗಿಲ್ಡಳಿಗೆ ನಂಬಿಕೆ ಬರಲಿಲ್ಲ. "ನಮ್ಮಜ್ಜ ಆ ಕಡೆ ಸರ್ಕಾರ ಕೊಡ್ತಿದ್ದ ಜಮೀನು ಹಿಡಿದಾಗ ಐದು ವರ್ಷ ಮಣ್ಣಿನ ಗುಡಿಸಲಲ್ಲಿ ಕೂತಿದ್ರು. ಐದು ವರ್ಷ! ಆಮೇಲೆ ಕಾಗದ ಕೊಟ್ಟರು."

"ಕಾಲ ಬದಲಾಗಿದೆ ಅಜ್ಜಿ," ಎಂದಳು ಮಾರಿಟ್.

"ಬದಲಾಗಲಿ. ಒಂದು ರಾತ್ರೀಲಿ ನಾನು ಹಾಸಿಗೆಗೇ ಹೊಂದ್ಕೊಳ್ಳಲ್ಲ, ಇವರು ರಾಜ್ಯಕ್ಕೆ ಹೊಂದ್ಕೊಂಡ್ಬಿಡ್ತಾರೆ!"

ಏಪ್ರಿಲ್ ಎರಡನೆಯ ಶನಿವಾರ ಮಾರಿಟ್ ಅಡುಗೆಮನೆಯ ಮೇಜಿನ ಮೇಲೆ ದಾಖಲೆಗಳನ್ನೆಲ್ಲ ಹರಡಿಕೊಂಡು ಕುಳಿತಳು. ಹೊಸ ಲೈಸೆನ್ಸಿಗೆ ಜನನ ಪತ್ರ ಬೇಕು. ಹೆಂಗಸರಿಗಾದರೆ ಹುಟ್ಟಿದ ಹೆಸರಿನಿಂದ ಇವತ್ತಿನ ಹೆಸರಿನವರೆಗೆ ಆದ ಪ್ರತಿ ಬದಲಾವಣೆಗೂ ಒಂದೊಂದು ಪತ್ರ ಬೇಕು. ಅಪ್ಪನದು ಎರಡು ನಿಮಿಷದಲ್ಲಿ ಮುಗಿಯಿತು. ಅಮ್ಮನ ಲಕೋಟೆಯಿಂದ ಮದುವೆ ಪತ್ರ ಹೊರಗೆಳೆದು ಓದಿದವಳು ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಇಲ್ಲಿ ನಿನ್ನ ಹೆಸರು ತಪ್ಪಾಗಿ ಬರೆದುಬಿಟ್ಟಿದ್ದಾರೆ."

"ಏನಂತ?"

"ಆರ್ಲಿಸ್ ಜೀನ್ ಕ್ರೌಸ್ ಅಂತ. ನಿನ್ನ ತವರಿನ ಹೆಸರು ಹೌಗೆನ್ ಅಲ್ವಾ?"

ಆರ್ಲಿಸ್ ಓವನ್ನಿನಿಂದ ಹಾಟ್‌ಡಿಶ್ ಹೊರತೆಗೆಯುತ್ತಿದ್ದಳು. ಕೆಳಗೆ ಖೀಮಾ, ಮೇಲೆ ಗರಿಗರಿ ಆಲೂಗಡ್ಡೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದ ಕೈ, ಬಿಸಿ ಪಾತ್ರೆಗೆ ಹೆದರುವ ಕೈಯಲ್ಲ. ಪಾತ್ರೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು.

"ತಪ್ಪಲ್ಲ ಅದು. ನಿಮ್ಮಪ್ಪನ್ನ ಮದುವೆ ಆಗೋವಾಗ ನಾನು ಕ್ರೌಸ್ ಆಗಿದ್ದೆ. ಕಾಗದ ತೆಗಿ, ಊಟ ಮಾಡೋಣ. ಆರಿಹೋಗುತ್ತೆ."

"ಅಂದ್ರೆ?"

"ಅಂದ್ರೆ ಅದಕ್ಕೂ ಮುಂಚೆ ಒಂದು ಮದುವೆ ಆಗಿತ್ತು. ಹನ್ನೊಂದು ತಿಂಗಳು. ಬಿಟ್ಟೆ. ಮುಗೀತು."

ಮಾರಿಟ್ ಅಪ್ಪನ ಮುಖ ನೋಡಿದಳು. ವರ್ಲಿನ್ ತಟ್ಟೆಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ್ದ.

"ನಿನಗೆ ಗೊತ್ತಿತ್ತಾ ಅಪ್ಪ?"

"ನನಗೆ ಗೊತ್ತಿಲ್ದೆ ಇರುತ್ತಾ? ಮದುವೆ ಅರ್ಜಿಗೆ ಜೊತೇಲಿ ಸಹಿ ಮಾಡಿದ್ದೇ ನಾನು."

"ಮೂವತ್ತೈದು ವರ್ಷ ನನಗೆ ಯಾರೂ ಹೇಳ್ಲಿಲ್ಲ!"

"ನೀನು ಕೇಳ್ಲಿಲ್ಲ," ಎಂದಳು ಆರ್ಲಿಸ್.

"ಏನಂತ ಕೇಳ್ಬೇಕಿತ್ತು? ಅಮ್ಮಾ, ನಿನಗೆ ಬೇರೆ ಗಂಡಂದಿರು ಯಾರಾದ್ರೂ ಇದ್ರಾ ಅಂತ ಕೇಳ್ಬೇಕಿತ್ತಾ?" ಮಾರಿಟಳ ದನಿ ಏರಿತು. "ಅಕ್ಟೋಬರಲ್ಲಿ ನಾನು ಇದೇ ಕುರ್ಚೀಲಿ ಕೂತಿದ್ದೆ. ಏನು ಕೇಳಿದೆ ನೀನು? ಹೊಡೆದನಾ, ಕುಡಿದನಾ, ಬೇರೆ ಹೆಂಗಸಾ? ಮೂರಕ್ಕೂ ಇಲ್ಲ ಅಂದೆ. 'ಹಾಗಾದ್ರೆ ಯಾವ ಬಾಯಲ್ಲಿ ಬಿಟ್ಟುಬಂದೆ ಅಂತೀಯ? ನಮ್ಮ ಮನೇಲಿ ಯಾರೂ ಹೀಗೆ ಮಾಡಿಲ್ಲ' ಅಂದೆ. ನಮ್ಮ ಮನೇಲಿ ಯಾರೂ! ನೀನೇ ಮಾಡಿದ್ದೀಯಲ್ಲ!"

ಆರ್ಲಿಸಳ ಕತ್ತು ಕೆಂಪಾಯಿತು. ಸೌಟು ಹಿಡಿದು ಎಲ್ಲರ ತಟ್ಟೆಗೂ ಬಡಿಸಿದಳು. ಮಾರಿಟ್ ತಿನ್ನಲಿಲ್ಲ. ಬೋರ್ಗಿಲ್ಡ್ ಒಬ್ಬಳೇ ಎರಡನೇ ಸಲ ಹಾಕಿಸಿಕೊಂಡು, "ಇವತ್ತು ಈರುಳ್ಳಿ ಚೆನ್ನಾಗಿ ಬೆಂದಿದೆ," ಎಂದಳು.

ಆ ವಾರವೆಲ್ಲ ತಾಯಿಮಗಳು ಬೇಕಾದ್ದಕ್ಕಷ್ಟೇ ಮಾತಾಡಿದರು. ಹಾಲು ಮುಗಿದಿದೆ. ಬಟ್ಟೆ ಮೆಷಿನ್ನು ನಿಂತಿದೆ. ಮಾರಿಟಳ ತಟ್ಟೆಗೆ ಮುಚ್ಚಳ ಮುಚ್ಚಿ ಒಲೆಯ ಮೇಲಿಟ್ಟು ಆರ್ಲಿಸ್ ಕೋಣೆ ಸೇರುತ್ತಿದ್ದಳು. ಮನೆ ಖಾಲಿ ಮಾಡುವ ಕೆಲಸ ಮಾತ್ರ ನಿಲ್ಲಲಿಲ್ಲ. ಗಾಡಿಮನೆಗೆ ಎರಡು ಪಾತ್ರೆ, ಒಂದು ಬಾಣಲೆ, ನಾಲ್ಕು ತಟ್ಟೆ ಹಿಡಿಸುತ್ತವೆ ಅಷ್ಟೇ. ಉಳಿದದ್ದೆಲ್ಲ ಗ್ಯಾರೇಜಿಗೆ ಬಂದು ಬಿದ್ದಿತ್ತು. ಅಂಚೆಯ ನಿವೃತ್ತರ ವಿಮೆ ಎಲ್ಲ ರಾಜ್ಯದಲ್ಲೂ ನಡೆಯುತ್ತದೆಂಬ ಕಾಗದ ಬಂದ ದಿನ ವರ್ಲಿನ್ ಖುಷಿಯಿಂದ ಓದಿ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರಿಟಳ ಸಿಟ್ಟು ಮೂರನೆಯ ದಿನಕ್ಕೆ ಅರ್ಧ ಇಳಿದಿತ್ತು. ಇಳಿದ ಜಾಗಕ್ಕೆ ಕುತೂಹಲ ಬಂದು ಕೂತಿತು. ತನ್ನ ತಾಯಿ, ಚರ್ಚಿನ ಊಟಕ್ಕೆ ಎಷ್ಟು ಕಿಲೋ ಆಲೂಗಡ್ಡೆ ಬೇಕೆಂದು ಕಣ್ಣಳತೆಯಲ್ಲೇ ಹೇಳುವ ಹೆಂಗಸು, ಎಳೆಯ ವಯಸ್ಸಿನಲ್ಲಿ ಯಾರನ್ನು ಮದುವೆಯಾಗಿದ್ದಳು? ಏನು ಉಟ್ಟಿದ್ದಳು? ನಕ್ಕಿದ್ದಳೇ?

ಅಜ್ಜಿಯ ಜೊತೆ ಕುಳಿತು ಆಲೂಗಡ್ಡೆ ರೊಟ್ಟಿ ಲಟ್ಟಿಸುವಾಗ ಮೆಲ್ಲಗೆ ಕೇಳಿದಳು. "ಅಜ್ಜಿ, ಅವತ್ತು ಊಟದ ಹೊತ್ತಲ್ಲಿ ನೀನು ಒಂಚೂರೂ ಬೆಚ್ಚಲಿಲ್ಲ. ನಿನಗೂ ಗೊತ್ತಿತ್ತಾ?"

"ಪೇಪರಲ್ಲಿ ಬರ್ತಿತ್ತಲ್ಲೇ. ಯಾರು ಮದುವೆಗೆ ಅರ್ಜಿ ಹಾಕಿದ್ರು, ಯಾರು ಬಿಟ್ರು, ಎಲ್ಲ ಕೋರ್ಟ್ ಸುದ್ದೀಲಿ ಅಚ್ಚಾಗ್ತಿತ್ತು. ನಾನು ಮೊದಲು ಓದೋದೇ ಆ ಪುಟ. ವರ್ಲಿನ್ ಇವಳನ್ನ ಕರ್ಕೊಂಡು ಬರೋದಕ್ಕಿಂತ ನಾಲ್ಕು ವರ್ಷ ಮೊದಲೇ ಓದಿದ್ದೆ."

"ಮತ್ತೆ ಏನೂ ಕೇಳ್ಲಿಲ್ವಾ?"

ಬೋರ್ಗಿಲ್ಡ್ ಉದ್ದನೆಯ ಕೋಲಿನಿಂದ ರೊಟ್ಟಿ ಎತ್ತಿ ಹೆಂಚಿನ ಮೇಲೆ ತಿರುವಿ ಹಾಕಿದಳು. "ಮೊದಲ ದಿನವೇ ಹಿಟ್ಟು ಕೊಟ್ಟು ಲಟ್ಟಿಸು ಅಂದೆ. ಆಚೆ ಬದಿ ಕಾಣೋಷ್ಟು ತೆಳ್ಳಗೆ ಲಟ್ಟಿಸಿದಳು. ಇನ್ನೇನು ಕೇಳ್ಬೇಕಿತ್ತು?"

ಆ ಹೊತ್ತಿಗೆ ಇನ್ನೊಂದು ತೊಡಕು ಎದ್ದಿತ್ತು. ಹೌಗೆನ್ ಎಂಬವಳು ಕ್ರೌಸ್ ಆದದ್ದಕ್ಕೆ ಪತ್ರವಿಲ್ಲದೆ ಕ್ರೌಸ್ ಎಂಬವಳು ಲುಂಡೀನ್ ಆದದ್ದು ಸಾಬೀತಾಗುವುದಿಲ್ಲ. ಪತ್ರ ತರಿಸಲು ಅರ್ಜಿ ತುಂಬಬೇಕು. ಅರ್ಜಿಯಲ್ಲಿ ಮದುವೆಯ ದಿನ, ಊರು ಬರೆಯಬೇಕು.

"ಸೌತ್ ಡಕೋಟದಲ್ಲಿ ಆದದ್ದು," ಎಂದಳು ಆರ್ಲಿಸ್, ಪಾತ್ರೆ ತೊಳೆಯುತ್ತ, ಮಗಳತ್ತ ತಿರುಗದೆ. "ಇಲ್ಲಿ ಮದುವೆ ಪರವಾನಗಿಗೆ ಐದು ದಿನ ಕಾಯ್ಬೇಕಿತ್ತು, ಅಲ್ಲಿ ಕಾಯೋ ಹಾಗಿರಲಿಲ್ಲ. ಗಡಿ ದಾಟಿ ಹೋದ್ವಿ. ವಸಂತಕಾಲ. ಕೆಸರು ಇತ್ತು."

"ಯಾವ ಊರು?"

"ಧಾನ್ಯ ತುಂಬೋ ಕಣಜ ಇತ್ತು. ನೀರಿನ ಟ್ಯಾಂಕ್ ಇತ್ತು."

"ಅಮ್ಮಾ, ಆ ರಾಜ್ಯದ ಎಲ್ಲ ಊರಲ್ಲೂ ಕಣಜ ಇದೆ, ಟ್ಯಾಂಕೂ ಇದೆ."

"ನೆನಪಿಲ್ಲ ಅಂದೆನಲ್ಲ!"

ಕಚೇರಿಗೆ ಫೋನ್ ಮಾಡಿದರೆ, ದಿನ ಊರು ಇಲ್ಲದಿದ್ದರೆ ಹುಡುಕುವುದಕ್ಕೆ ವಾರಗಟ್ಟಲೆ ಹಿಡಿಯಬಹುದು ಎಂದರು. ಜೂನ್ ಹತ್ತಿರ ಬರುತ್ತಿತ್ತು. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾರಿಟ್ ಆಸ್ಪತ್ರೆಯ ಹಿಂದೆ ಕಾರಿನಲ್ಲಿ ಕುಳಿತು, ಮದುವೆಯ ದಿನ, ಊರು ಯಾವುದೂ ಇಲ್ಲದ ಹಳೆಯ ವಿಚ್ಛೇದನ ಪತ್ರದಲ್ಲಿ ಸಿಕ್ಕ ಹೆಸರನ್ನು ಫೋನಿನಲ್ಲಿ ಹುಡುಕಿದಳು. ಡೆಲ್ಮರ್ ಕ್ರೌಸ್. ನೆಬ್ರಾಸ್ಕದಲ್ಲಿ ಒಬ್ಬ ಸಿಕ್ಕ. ಜೇನು ಮಾರುತ್ತಾನೆ. ಸೀಸೆಯ ಚಿತ್ರದ ಕೆಳಗೆ ನಂಬರೂ ಇತ್ತು. ಎರಡು ಸಲ ಒತ್ತಿ ಎರಡು ಸಲ ಕಟ್ ಮಾಡಿ, ಮೂರನೇ ಸಲ ಹಾಗೇ ಬಿಟ್ಟಳು.

"ಜೇನು ಬೇಕಾ? ಕ್ಲೋವರ್ ಹೂವಿನದು ಮುಗಿದಿದೆ," ಎಂದಿತು ಒಂದು ಒರಟು ದನಿ.

"ಜೇನಲ್ಲ. ನಾನು ಆರ್ಲಿಸ್ ಹೌಗೆನ್ ಮಗಳು."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು.

"ಅವಳು ಹುಷಾರಾಗಿದ್ದಾಳಾ?"

"ಚೆನ್ನಾಗಿದ್ದಾಳೆ. ಏನೂ ಆಗಿಲ್ಲ. ಲೈಸೆನ್ಸಿಗೆ ಕಾಗದ ಬೇಕು, ಅಷ್ಟಕ್ಕೇ. ನಿಮ್ಮ ಮದುವೆ ಯಾವತ್ತು, ಯಾವ ಊರಲ್ಲಿ ಅಂತ ಅವಳಿಗೆ ನೆನಪಿಲ್ಲ."

ಮುದುಕ ನಕ್ಕ. ಒಳ್ಳೆಯ ನಗೆ. "ಅವಳಿಗೆ ನೆನಪಿಲ್ವಾ? ಏಪ್ರಿಲ್ ಹದಿನಾರು, ಎಂಬತ್ತೆರಡು. ಶುಕ್ರವಾರ. ಊರು ಹಾರ್ಲನ್. ಮೊದಲು ಬೇರೆ ಊರಿಗೆ ಹೋದ್ವಿ, ಅಲ್ಲಿ ಕೋರ್ಟಿನ ಹೆಂಗಸು ಊಟಕ್ಕೆ ಹೋಗಿದ್ದಳು. ಒಂದು ಗಂಟೆ ಕಾಯೋಣ ಅಂದೆ. ನಿಮ್ಮಮ್ಮ ಕಾಯೋ ಪೈಕೀನಾ? ಮುಂದಿನ ಊರಿಗೆ ನಡಿ ಅಂದಳು. ಕೆಂಪು ಸ್ವೆಟರು."

ಮಾರಿಟ್ ಬರೆದುಕೊಂಡಳು. ಸ್ವೆಟರನ್ನೂ ಬರೆದುಕೊಂಡಳು. ಫೋನ್ ಇಡಬೇಕಿತ್ತು, ಇಡಲಾಗಲಿಲ್ಲ.

"ನಾನು ಒಂದು ಮಾತು ಕೇಳ್ಲಾ? ಅವಳು ಯಾಕೆ ಬಿಟ್ಟುಹೋದ್ಲು?"

"ಅದನ್ನೇ ನಾನೂ ನಲವತ್ತೆರಡು ವರ್ಷದಿಂದ ಕೇಳ್ಕೊಳ್ತಾ ಇದೀನಿ ಕಣಮ್ಮ," ಎಂದ ಡೆಲ್ಮರ್. "ಆಮೇಲೆ ಇನ್ನೊಂದು ಮದುವೆ ಆದೆ, ಮೂರು ಮಕ್ಕಳು, ಎಲ್ಲ ಚೆನ್ನಾಗಿದೆ. ಕೊರಗೇನಿಲ್ಲ. ಆದ್ರೂ ನಿನಗೆ ಗೊತ್ತಾದ್ರೆ ನನಗೂ ಒಂದು ಮಾತು ಹೇಳು."

ಸಂಜೆ ಗ್ಯಾರೇಜಿನಲ್ಲಿ ಆರ್ಲಿಸ್ ಪಾತ್ರೆಗಳನ್ನು ವಿಂಗಡಿಸುತ್ತಿದ್ದಳು. ಮಾರಿಟ್ ಚೀಟಿ ಚಾಚಿದಳು.

"ಏಪ್ರಿಲ್ ಹದಿನಾರು. ಹಾರ್ಲನ್. ನಾನು ಅವನಿಗೆ ಫೋನ್ ಮಾಡಿದ್ದೆ."

ಆರ್ಲಿಸ್ ಹಿಡಿದಿದ್ದ ಮುಚ್ಚಳವನ್ನು ಪಾತ್ರೆಯ ಮೇಲೆ ಕುಕ್ಕಿದಳು. "ಯಾರನ್ನ ಕೇಳಿ ಮಾಡಿದೆ? ನನ್ನ ವಿಷಯ ಕೆದಕೋಕೆ ನಿನಗೆ ಯಾರು ಹೇಳಿದ್ರು?"

"ಅರ್ಜಿ ಹೇಳ್ತು."

"ತಲೆಹರಟೆ ಮಾತು ಬೇಡ ನನ್ನ ಹತ್ರ!" ಎಂದವಳು, ಎರಡು ಬಾಣಲೆ ಎತ್ತಿ ಇಳಿಸಿ, ಬೇರೆಡೆ ನೋಡುತ್ತ ಕೇಳಿದಳು. "ಏನಂದ?"

"ಜೇನು ಸಾಕ್ತಾನಂತೆ."

"ಜೇನಾ? ಡೆಲ್ಮರಾ? ಒಂದು ನೊಣ ಒಳಗೆ ಬಂದ್ರೆ ಮನೆ ಬಿಟ್ಟು ಓಡ್ತಿದ್ದ!" ಆರ್ಲಿಸಳಿಗೆ ನಗು ತಡೆಯಲಾಗಲಿಲ್ಲ. ಮಾರಿಟಳಿಗೂ. ಅಷ್ಟು ದಿನದ ಬಿಗುವು ಆ ಪಾತ್ರೆಗಳ ನಡುವೆ ಸಡಿಲಾಯಿತು. ಆರ್ಲಿಸ್ ಒಂದು ಪೆಟ್ಟಿಗೆಯ ಮೇಲೆ ಕುಳಿತಳು.

"ನೀನು ಯಾಕೆ ಬಿಟ್ಟೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ವಂತೆ. ಗೊತ್ತಾದ್ರೆ ಹೇಳು ಅಂದ."

"ಕೆಟ್ಟವನಲ್ಲ ಅವನು," ಎಂದಳು ಆರ್ಲಿಸ್. "ಅದೇ ತೊಂದರೆ. ಹನ್ನೊಂದು ತಿಂಗಳಲ್ಲಿ ನನ್ನನ್ನ ಒಂದು ಪ್ರಶ್ನೆ ಕೇಳ್ಲಿಲ್ಲ. ಅಡುಗೆ ಏನು ಅಂತಾನೂ ಕೇಳ್ತಿರಲಿಲ್ಲ, ಹಾಕಿದ್ದು ತಿನ್ತಿದ್ದ. ಒಂದಿನ ಬೇಕಂತ್ಲೇ ಕೂದಲು ಕತ್ತರಿಸ್ಕೊಂಡು ಬಂದೆ. ಸೊಂಟದವರೆಗೆ ಇತ್ತು, ಕಿವಿವರೆಗೆ ಕತ್ತರಿಸಿದೆ. ಊಟಕ್ಕೆ ಕೂತ. ನನ್ನ ಕಡೆ ನೋಡಿದ. ಆಲೂಗಡ್ಡೆ ಈ ಕಡೆ ಕೊಡು ಅಂದ."

"ಅಷ್ಟೇನಾ?"

"ಅಷ್ಟೇ. ಇದನ್ನ ಯಾರ ಮುಂದೆ ಹೇಳೋದು? ನಮ್ಮಮ್ಮ ಕೇಳಿದ್ಲು, ಹೊಡೆದನಾ, ಕುಡಿದನಾ, ಬೇರೆ ಹೆಂಗಸಾ. ಮೂರಕ್ಕೂ ಇಲ್ಲ ಅಂದೆ. ಹಾಗಾದ್ರೆ ವಾಪಸ್ ಹೋಗು ಅಂದ್ಲು. ಹೋಗ್ಲಿಲ್ಲ. ಪೇಟೇಲಿ ಒಂದು ಮಹಡಿ ಕೋಣೆ ಹಿಡಿದೆ. ಅಲ್ಲಿಗೆ ಕಾಗದ ತರ್ತಿದ್ದವನು ನಿಮ್ಮಪ್ಪ. ಒಂದಿನ ಪಾರ್ಸೆಲ್ ಬಂತು. ಕೊಡೋಕೆ ಮೊದಲು ಅಲ್ಲಾಡಿಸಿ, 'ಇದರೊಳಗೆ ಏನಿರಬಹುದು ಅಂತೀರಿ?' ಅಂದ. ಅರ್ಧ ಗಂಟೆ ಮೆಟ್ಟಿಲಲ್ಲೇ ನಿಂತು ಊಹೆ ಮಾಡಿದ್ವಿ."

"ಏನಿತ್ತು?"

"ಚಳಿಗಾಲದ ಕಾಲುಚೀಲ."

ಮಾರಿಟ್ ಪಕ್ಕದಲ್ಲಿ ಕುಳಿತಳು. "ನನ್ನನ್ನೂ ನೀನು ಅದೇ ಮೂರು ಕೇಳಿದೆ ಅಮ್ಮ."

"ಗೊತ್ತು," ಎಂದಳು ಆರ್ಲಿಸ್. "ಕೇಳ್ತಾ ಇರೋವಾಗ್ಲೇ ಗೊತ್ತಿತ್ತು. ನಮ್ಮಮ್ಮನ ದನೀನೇ ಕೇಳಿಸ್ತಿತ್ತು ನನ್ನ ಬಾಯಿಂದ. ಆದ್ರೂ ಬಾಯಿ ನಿಲ್ಲಲಿಲ್ಲ."

ಅವಳು ಇನ್ನೇನೋ ಹೇಳುವಳೆಂದು ಮಾರಿಟ್ ಕಾದಳು. ಅಷ್ಟರಲ್ಲಿ ವರ್ಲಿನ್ ನೀರಿನ ಪೈಪು ಹೆಗಲಿಗೆ ಹಾಕಿಕೊಂಡು ಬಂದು, ಗಾಡಿಯ ಟ್ಯಾಂಕ್ ಸೋರುತ್ತಿದೆ, ಯಾರಾದರೂ ಟಾರ್ಚ್ ಹಿಡಿಯಿರಿ ಎಂದು ಕೂಗಿದ. ಇಬ್ಬರೂ ಎದ್ದರು.

ಮೇ ಹದಿನೈದಕ್ಕೆ ಹಾರ್ಲನ್ನಿನ ಪತ್ರ ಬಂತು. ಮನೆಯ ಕಾಗದ ಮಾರಿಟಳ ಹೆಸರಿಗಾಯಿತು. ಡಕೋಟದ ಅಂಚೆ ಪೆಟ್ಟಿಗೆಯ ನಂಬರು ಬಂದ ದಿನ ವರ್ಲಿನ್ ಅದನ್ನು ಗಟ್ಟಿಯಾಗಿ ನಾಲ್ಕು ಸಲ ಓದಿದ. ಯಾರೋ ಗುಮಾಸ್ತ ತನ್ನ ಕಾಗದಗಳನ್ನು ಒಂದು ಗೂಡಿಗೆ ಹಾಕಿ, ತಿಂಗಳಿಗೊಮ್ಮೆ ತಾನಿದ್ದ ಊರಿಗೆ ಕಟ್ಟು ಕಟ್ಟಿ ಕಳಿಸುತ್ತಾನೆಂಬುದು ಅವನಿಗೆ ಒಗ್ಗಲಿಲ್ಲ. "ಆ ಹುಡುಗನ ಕೈ ಹೇಗಿದೆಯೋ ಏನೋ. ಮಳೇಲಿ ನೆನೆಸ್ತಾನೋ ಏನೋ," ಎನ್ನುತ್ತಿದ್ದ.

ಜೂನ್ ಎರಡರಂದು ಹೊರಟರು. ಗಾಡಿಮನೆ ಮುಂದೆ, ಮಾರಿಟಳ ಕಾರು ಹಿಂದೆ. ಕಂಪ್ಯೂಟರಿನ ಕೆಲಸ ಏನಾದರೂ ಬಿದ್ದರೆ ಇರಲಿ ಎಂದು ವರ್ಲಿನ್ ಮಗಳನ್ನು ಎರಡು ದಿನಕ್ಕೆ ಕರೆದಿದ್ದ. ಬೋರ್ಗಿಲ್ಡ್ ಮೂವತ್ತು ಆಲೂಗಡ್ಡೆ ರೊಟ್ಟಿ ಬೇಯಿಸಿ ಬಟ್ಟೆಯಲ್ಲಿ ಸುತ್ತಿ ಸೊಸೆಯ ಕೈಗಿತ್ತಳು.

"ಅತ್ತೆ, ಕ್ರಿಸ್ಮಸ್ಸಿಗೆ ಬರ್ತೀವಿ."

"ಬನ್ನಿ. ಬರೋ ಮುಂಚೆ ಫೋನ್ ಮಾಡಿ. ಈಗ ಇದು ನಮ್ಮನೆ," ಎಂದಳು ಮುದುಕಿ. ಕಣ್ಣು ಮಾತ್ರ ಗಾಡಿಯ ಗಾಲಿಗಳ ಮೇಲಿತ್ತು.

ದಾರಿಯಲ್ಲಿ ಆರ್ಲಿಸ್ ಮಗಳ ಕಾರಿನಲ್ಲಿ ಕುಳಿತಳು. ಗಡಿಯ ಫಲಕ ದಾಟಿದ ಮೇಲೆ, ಜೋಳದ ಎಳೆ ಸಾಲುಗಳನ್ನು ನೋಡುತ್ತ, "ಡೆಲ್ಮರಿಗೆ ಫೋನ್ ಮಾಡಿದ್ದೆ," ಎಂದಳು.

ಮಾರಿಟ್ ಕಾರಿನ ವೇಗವನ್ನೇ ಇಳಿಸಿಬಿಟ್ಟಳು. "ಯಾವಾಗ?"

"ಹೋದ ವಾರ. ಕಾರಣ ಹೇಳಿದೆ. ಪ್ರಶ್ನೆ ಕೇಳದೇ ಇದ್ದದ್ದು, ಕೂದಲು, ಎಲ್ಲ."

"ಏನಂದ?"

"ಎಲ್ಲ ಕೇಳಿಸ್ಕೊಂಡ. ಆಮೇಲೆ, 'ನೀನು ಕೂದಲು ಕತ್ತರಿಸಿದ್ಯಾ?' ಅಂದ."

ಮಾರಿಟ್ ನಕ್ಕು ನಕ್ಕು ಕಾರನ್ನು ರಸ್ತೆಯ ಅಂಚಿಗೆ ತರಬೇಕಾಯಿತು. ಮುಂದೆ ವರ್ಲಿನನ ಗಾಡಿಯೂ ನಿಂತಿತು. ಏನಾಯಿತೆಂದು ಅವನು ಗಾಬರಿಯಿಂದ ಇಳಿದುಬಂದರೆ, ತಾಯಿಮಗಳು ಕಣ್ಣೊರೆಸಿಕೊಳ್ಳುತ್ತಿದ್ದರು. "ಅಳ್ತಿದ್ದೀರೋ ನಗ್ತಿದ್ದೀರೋ ಹೇಳಿ, ಅದಕ್ಕೆ ತಕ್ಕ ಹಾಗೆ ನಿಲ್ತೀನಿ," ಎಂದ.

ತಂಗುವ ಮೈದಾನ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಗಾಳಿಯೋ ಗಾಳಿ. ನಲವತ್ತು ಗಾಡಿಮನೆಗಳು ಸಾಲಾಗಿ ನಿಂತಿದ್ದವು. ಒಬ್ಬ ಹೆಂಗಸು ಬಾಗಿಲ ಬಳಿ ಟೊಮೆಟೊ ಕುಂಡಗಳನ್ನಿಟ್ಟಿದ್ದಳು. ಅದರ ಹಿಂದಿನ ಗಾಡಿಯವನು ನಾಯಿಗೆ ಸ್ನಾನ ಮಾಡಿಸುತ್ತಿದ್ದ. ಮೈದಾನದ ಒಡತಿ ಕೇಳುವ ಮೊದಲೇ ರಸೀದಿ ತೆಗೆದಳು.

"ನಿವಾಸಿ ಆಗೋಕೆ ಬಂದವರಾ? ಇಬ್ಬರ ಹೆಸರೂ ಬೇಕು ಹಾಗಾದ್ರೆ. ಒಂದೇ ಹೆಸರಿದ್ರೆ ನಾಳೆ ಓಡಿ ಬರ್ತೀರಿ." ಮಾರಿಟಳತ್ತ ನೋಡಿ, "ನಿನ್ನದೂ ಹಾಕ್ಲಾ?" ಎಂದಳು.

"ಬೇಡ. ನನಗೆ ಮನೆ ಇದೆ," ಎಂದಳು ಮಾರಿಟ್. ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು.

ಸಂಜೆ ಬೆಣ್ಣೆ ಸಕ್ಕರೆ ಸವರಿ ಅಜ್ಜಿಯ ರೊಟ್ಟಿ ತಿಂದರು. ಟೊಮೆಟೊ ಹೆಂಗಸು ಬಂದು ಎರಡು ತಿಂದು, ತಾನು ಓಹಾಯೋದವಳೆಂದೂ ಆರು ವರ್ಷದಿಂದ ಡಕೋಟದವಳೆಂದೂ ಹೇಳಿದಳು. ಆರು ವರ್ಷದಲ್ಲಿ ಇಲ್ಲಿ ಎಷ್ಟು ದಿನ ಇದ್ದೀರಿ ಎಂದು ವರ್ಲಿನ್ ಕೇಳಿದ. ಅವಳು ಬೆರಳೆಣಿಸಿ, "ಇವತ್ತಿಗೆ ಒಂಬತ್ತು," ಎಂದಳು.

ಬೆಳಿಗ್ಗೆ ಲೈಸೆನ್ಸ್ ಕಚೇರಿಯಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಕಿಟಕಿಯ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕುಳಿತಿದ್ದಳು. ವರ್ಲಿನನ ಜನನ ಪತ್ರ, ರಸೀದಿ, ಅಂಚೆ ಪೆಟ್ಟಿಗೆಯ ಕಾಗದ ಸರಸರ ಮುಗಿದವು. ಕೊನೆಗೆ, ಬರೆದದ್ದು ನಿಜವೆಂದು ಸಹಿ ಮಾಡಬೇಕಾದ ಒಂದು ಪ್ರಮಾಣಪತ್ರ ಮುಂದಿಟ್ಟಳು. ಎಲ್ಲೇ ತಿರುಗಾಡಿದರೂ ಕೊನೆಗೆ ನೀವು ಹಿಂತಿರುಗಿ ಬರಬೇಕೆಂದಿರುವುದು ಈ ರಾಜ್ಯಕ್ಕೇ ಏನು? ಹೌದು, ಇಲ್ಲ.

ವರ್ಲಿನನ ಪೆನ್ನು ನಿಂತಿತು.

"ಇದಕ್ಕೆ ಹೌದು ಅಂದ್ರೆ ಸುಳ್ಳಾಗುತ್ತಲ್ಲ," ಎಂದ ಮೆಲ್ಲಗೆ. "ನಾನು ವಾಪಸ್ ಹೋಗೋದು ಎಲ್ಸ್‌ಬರ್ಗ್‌ಗೆ. ನಮ್ಮಮ್ಮ ಅಲ್ಲಿದ್ದಾಳೆ."

"ಅದನ್ನ ನಾನು ಹೇಳೋಕೆ ಬರಲ್ಲ ಸಾರ್. ನೀವೇ ಬರೀಬೇಕು," ಎಂದಳು ಗುಮಾಸ್ತೆ.

"ಮೂವತ್ತೊಂಬತ್ತು ವರ್ಷದಲ್ಲಿ ಒಂದು ಸುಳ್ಳು ಸಹಿ ಹಾಕಿಲ್ಲ ಕಣೇ ನಾನು," ಎಂದ ವರ್ಲಿನ್ ಹೆಂಡತಿಗೆ. ಅವನ ಕಿವಿ ಕೆಂಪಾಗಿತ್ತು. ಹಿಂದಿನ ಬೆಂಚಿನವರು ಕತ್ತು ಚಾಚಿದರು. ಎರಡು ತಿಂಗಳ ಓಡಾಟ ಆ ಒಂದು ಚೌಕದ ಮುಂದೆ ನಿಂತುಬಿಡುವುದೇ ಎಂದುಕೊಂಡಳು ಮಾರಿಟ್.

ಆರ್ಲಿಸ್ ಗಂಡನ ಪಕ್ಕಕ್ಕೆ ಬಂದು ನಿಂತಳು. "ವರ್ಲಿನ್, ಮನೆ ಯಾರದು?"

"ಮಾರಿಟ್‌ದು."

"ಇನ್ನು ಅಲ್ಲಿಗೆ ಹೋದ್ರೆ ನಾವು ಏನಾಗಿ ಹೋಗ್ತೀವಿ? ನೆಂಟರಾಗಿ. ಬರೋ ಮುಂಚೆ ಫೋನ್ ಮಾಡಿ ಅಂತ ನಿಮ್ಮಮ್ಮನೇ ಅಂದ್ರಲ್ಲ. ಲೈಸೆನ್ಸ್ ಮುಗಿದಾಗ ಎಲ್ಲಿಗೆ ಬರ್ಬೇಕು? ಇಲ್ಲಿಗೆ. ಗಾಡಿ ಕಾಗದಕ್ಕೆ? ಇಲ್ಲಿಗೆ. ಓಟು ಹಾಕೋದು? ಇಲ್ಲಿ. ನೀನು ಇಲ್ಲಿಗೆ ಬರಲ್ಲ ಅಂತಿದ್ರೆ ಇಲ್ಲ ಅಂತ ಬರಿ, ವಾಪಸ್ ಹೋಗೋಣ. ನಾನು ಬರ್ತೀನಿ ಅಂತ ನಿಜವಾಗ್ಲೂ ಅಂದ್ಕೊಂಡಿದೀನಿ."

ವರ್ಲಿನ್ ಯೋಚಿಸಿದ. ಪಾರ್ಸೆಲ್ಲಿನ ಮೇಲಿನ ಅಕ್ಷರ ಸರಿಯಾಗಿ ಕಾಣದಿದ್ದಾಗ ಮಾಡುತ್ತಿದ್ದಂತೆ ಕಾಗದವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದ. "ನೆಂಟರಾಗಿ," ಎಂದು ತನಗೇ ಹೇಳಿಕೊಂಡ. ಹೌದು ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದ.

ಆರ್ಲಿಸಳ ಸರದಿ ಬಂತು. ಗುಮಾಸ್ತೆ ಮೂರು ಪತ್ರಗಳನ್ನು ಸಾಲಾಗಿ ಜೋಡಿಸಿ, ದನಿ ತಗ್ಗಿಸಿ, "ಇದು ನಡುವಿನದು... ಹಿಂದಿನ ಮದುವೆಯದಾ ಮೇಡಂ?" ಎಂದಳು.

"ಹೌದು," ಎಂದಳು ಆರ್ಲಿಸ್, ಶಾಲೆಯ ಊಟದ ಹಾಲಿಗೆಲ್ಲ ಕೇಳಿಸುತ್ತಿದ್ದ ತನ್ನ ಎಂದಿನ ದನಿಯಲ್ಲಿ. "ನನ್ನ ಮೊದಲ ಮದುವೆ. ನಿಮ್ಮ ರಾಜ್ಯದಲ್ಲೇ ಆದದ್ದು. ಹೌಗೆನ್ ಇದ್ದೆ, ಕ್ರೌಸ್ ಆದೆ, ಆಮೇಲೆ ಲುಂಡೀನ್. ಮೂರೂ ನಾನೇ."

ಹನ್ನೊಂದರ ಹೊತ್ತಿಗೆ ಮೂವರೂ ಹೊರಗೆ ಬಂದು ವಾಹನ ನಿಲ್ಲಿಸುವ ಬಯಲಿನಲ್ಲಿ ನಿಂತರು. ವರ್ಲಿನ್ ಹೊಸ ಲೈಸೆನ್ಸನ್ನು ಬಿಸಿಲಿಗೆ ಹಿಡಿದು ತನ್ನ ಫೋಟೋ ನೋಡಿ, "ಕಳ್ಳನ ಹಾಗೆ ಕಾಣ್ತೀನಿ," ಎಂದ. ಮಾರಿಟ್ ಕಾರಿನ ಕೀಲಿ ತೆಗೆದಳು. ನಾಲ್ಕು ಗಂಟೆಯ ದಾರಿ. ಅಜ್ಜಿ ಒಬ್ಬಳೇ ಇದ್ದಾಳೆ. ಅಪ್ಪನನ್ನು ಅಪ್ಪಿಕೊಂಡಳು. ಅಮ್ಮನನ್ನು ಅಪ್ಪಿಕೊಂಡಳು. ಅಮ್ಮ ಬಿಡಲಿಲ್ಲ.

"ಮಾರಿಟ್, ಕರ್ಟಿಸನ್ನ ಯಾಕೆ ಬಿಟ್ಟೆ?"

ಮಾರಿಟ್ ಹಿಂದೆ ಸರಿದು ತಾಯಿಯ ಮುಖ ನೋಡಿದಳು.

"ತಪ್ಪು ಹಿಡಿಯೋಕಲ್ಲ," ಎಂದಳು ಆರ್ಲಿಸ್. "ಅಕ್ಟೋಬರಲ್ಲಿ ನಾನು ಮೂರು ಕೇಳಿದೆ, ಇದನ್ನ ಕೇಳ್ಲಿಲ್ಲ. ನನಗೆ ತಿಳ್ಕೋಬೇಕು ಅನ್ಸಿದೆ."

"ಈಗ್ಲಾ ಅಮ್ಮ? ಅದು ಒಂದು ಮಾತಲ್ಲಿ ಮುಗಿಯೋದಲ್ಲ. ನೀವು ಹೊರಡಬೇಕಲ್ಲ."

"ಎಲ್ಲಿಗೆ?" ಎಂದಳು ಆರ್ಲಿಸ್. "ನಮ್ಮನ್ನ ಯಾರು ಕಾಯ್ತಿದ್ದಾರೆ?"

ಅವಳು ಗಾಡಿಮನೆಯ ಬಾಗಿಲು ತೆಗೆದು ಒಳಗೆ ಹೋದಳು. ಪಾತ್ರೆಗೆ ನೀರು ಬೀಳುವ ಸದ್ದು, ಒಲೆ ಹತ್ತಿದ ಸದ್ದು ಕೇಳಿಸಿತು. ವರ್ಲಿನ್ ಮಡಿಸುವ ಕುರ್ಚಿಯೊಂದನ್ನು ಎತ್ತಿಕೊಂಡು, ತನಗೆ ಗಾಲಿಗಳ ಗಾಳಿ ನೋಡುವ ಕೆಲಸ ಇದೆ ಎಂದು ಗಾಡಿಯ ಆಚೆ ಬದಿಗೆ ನಡೆದ. ಮಾರಿಟ್ ಅಜ್ಜಿಗೆ ಫೋನ್ ಮಾಡಿ, ಬರೋದು ತಡವಾಗುತ್ತೆ, ಊಟಕ್ಕೆ ಕಾಯಬೇಡ ಎಂದಳು. ಮೆಟ್ಟಿಲು ಹತ್ತಿ ಒಳಗೆ ಹೋಗಿ, ತಾಯಿಯ ಎದುರಿನ ಕಿರಿದಾದ ಬೆಂಚಿನ ಮೇಲೆ ಕುಳಿತಳು. ಕಾಫಿ ಬಂತು. ಎಲ್ಲಿಂದ ಶುರುಮಾಡಲಿ ಎಂದು ಅವಳು ಕೇಳಿದಳು.

"ನಿನಗೆ ಎಲ್ಲಿಂದ ಬೇಕೋ ಅಲ್ಲಿಂದ," ಎಂದಳು ಆರ್ಲಿಸ್, ಎರಡೂ ಮೊಣಕೈಯನ್ನು ಮೇಜಿನ ಮೇಲೂರಿ.